ಸೆಲೆಕ್ಟರ್‌ಗೆ ಉತ್ತರ ಕೊಡುವವರು ಯಾರು?

ವೆಬ್ ಪ್ರೋಗ್ರಾಮಿಂಗ್ ಕಲಿಯುತ್ತಿರುವ ಗೆಳೆಯರ ಕೂಟವೊಂದರಲ್ಲಿ ನೀಡಿದ ಉಪನ್ಯಾಸವನ್ನು ಇಲ್ಲಿ ಬರಹಕ್ಕೆ ಇಳಿಸಿದ್ದೇನೆ. ಅಂದು ಪರದೆಯ ಮೇಲೆ ತೋರಿಸಿದ ಕೋಡಿನ ಬಹುಭಾಗವನ್ನು ಇಲ್ಲಿ ಮಾತಿನಲ್ಲಿಯೇ ವಿವರಿಸಿದ್ದೇನೆ. ಉದಾಹರಣೆಗಳಲ್ಲಿ ಬರುವ ಐಡಿ (ಪುಟದ ಒಂದೇ ಭಾಗದ ಗುರುತು) ಮತ್ತು ಕ್ಲಾಸ್ (ಹಲವು ಭಾಗಗಳಿಗೆ ಹಚ್ಚಬಹುದಾದ ಗುರುತು) ಹೆಸರುಗಳು ಕನ್ನಡದಲ್ಲಿವೆ. ಬ್ರೌಸರಿನಲ್ಲಿ ಅವನ್ನು ಹೀಗೆಯೇ ಬರೆದರೂ ಕೆಲಸ ಮಾಡುತ್ತವೆ. ಅದು ಹೇಗೆಂಬುದು ಮುಂದೆ ಬರುತ್ತದೆ.

ಸ್ನೇಹಿತರೇ, ನಾನು ಇಂದು ಮಾತನಾಡಲಿರುವುದು ನೀವೆಲ್ಲ ದಿನಕ್ಕೆ ಹತ್ತಾರು ಬಾರಿ ಬರೆಯುವ ಒಂದು ಸಾಲಿನ ಬಗ್ಗೆ. ಡಾಲರ್ ಚಿಹ್ನೆ, ಆವರಣ, ಉದ್ಧರಣ ಚಿಹ್ನೆ, ಅದರೊಳಗೆ ಒಂದು ಸಿಎಸ್‌ಎಸ್ (ಪುಟದ ಬಣ್ಣ, ಅಳತೆ ಹೇಳುವ ಭಾಷೆ) ಸೆಲೆಕ್ಟರ್: ಇಷ್ಟು ಬರೆದರೆ ಪುಟದಲ್ಲಿ ಬೇಕಾದ ಎಲಿಮೆಂಟುಗಳು, ಅಂದರೆ ಪುಟದ ಬಿಡಿ ಭಾಗಗಳು, ಕೈಗೆ ಬರುತ್ತವೆ. ಬಂದ ಮೇಲೆ ಅವು ಹೇಗೆ ಬಂದವು, ಆ ಸಾಲನ್ನು ಓದಿ ಅರ್ಥಮಾಡಿಕೊಂಡದ್ದು ಬ್ರೌಸರೋ ಅಥವಾ ನಾವು ಪುಟಕ್ಕೆ ಸೇರಿಸಿದ ಜೆಕ್ವೆರಿಯಂಥ ಲೈಬ್ರರಿಯೋ (ಬೇರೆಯವರು ಬರೆದಿಟ್ಟ ಸಿದ್ಧ ಕೋಡು) ಎಂದು ಯಾರೂ ಕೇಳಿಕೊಳ್ಳುವುದಿಲ್ಲ. ನಾನೂ ಬಹಳ ವರ್ಷ ಕೇಳಿಕೊಳ್ಳಲಿಲ್ಲ. ಆದರೆ ಸೆಲೆಕ್ಟರ್‌ಗಳ ವಿಷಯದಲ್ಲಿ ನಾನು ಕಂಡ ವಿಚಿತ್ರ ದೋಷಗಳನ್ನೆಲ್ಲ ಈಗ ಸಾಲಾಗಿ ಇಟ್ಟು ನೋಡಿದರೆ, ಹೆಚ್ಚಿನವು ಹುಟ್ಟಿರುವುದು ಒಂದೇ ಜಾಗದಲ್ಲಿ: ಒಂದೇ ಬರಹವನ್ನು ಇಬ್ಬರು ಓದುತ್ತಾರೆ, ಆ ಇಬ್ಬರ ಓದು ಅಲ್ಲಲ್ಲಿ ಬೇರೆಯಾಗುತ್ತದೆ ಎಂಬಲ್ಲಿ.

ಸ್ವಲ್ಪ ಹಿಂದಕ್ಕೆ ಹೋಗೋಣ. ಸಿಎಸ್‌ಎಸ್‌ನ ಮೊದಲ ಆವೃತ್ತಿಯನ್ನು ವೆಬ್‌ನ ಮಾನಕಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ ಶಿಫಾರಸಾಗಿ ಪ್ರಕಟಿಸಿದ್ದು 1996ರ ಡಿಸೆಂಬರ್‌ನಲ್ಲಿ. ಹೋಕನ್ ವಿಯಮ್ ಲೀ ಮತ್ತು ಬರ್ಟ್ ಬೋಸ್ ಅದರ ಕರ್ತೃಗಳು. ಪುಟದ ಯಾವ ಭಾಗಕ್ಕೆ ಯಾವ ಬಣ್ಣ, ಯಾವ ಅಳತೆ ಎಂದು ಹೇಳಬೇಕಾದರೆ ಮೊದಲು ಆ ಭಾಗ ಯಾವುದೆಂದು ಹೇಳಬೇಕಲ್ಲ, ಆ ಹೇಳಿಕೆಯೇ ಸೆಲೆಕ್ಟರ್. 1998ರ ಅಕ್ಟೋಬರ್‌ನಲ್ಲಿ ಡಾಮ್‌ನ (ಪುಟದ ಭಾಗಗಳನ್ನು ಪ್ರೋಗ್ರಾಮಿನಿಂದ ಮುಟ್ಟುವ ವ್ಯವಸ್ಥೆ) ಮೊದಲ ಹಂತದ ನಿರ್ದಿಷ್ಟತೆ ಹೊರಬಂದಾಗ ಪ್ರೋಗ್ರಾಮರಿಗೆ ಸಿಕ್ಕಿದ್ದು ಬೇರೆಯೇ ಸಲಕರಣೆಗಳು: ಐಡಿ ಕೊಟ್ಟರೆ ಒಂದು ಎಲಿಮೆಂಟ್, ಟ್ಯಾಗಿನ ಹೆಸರು ಕೊಟ್ಟರೆ ಆ ಟ್ಯಾಗಿನ ಎಲ್ಲ ಎಲಿಮೆಂಟುಗಳು, ಅಲ್ಲಿಂದ ಮುಂದೆ ತಂದೆ, ಮಕ್ಕಳು, ಒಡಹುಟ್ಟಿದವರ ಕೊಂಡಿ ಹಿಡಿದು ನಡೆಯುವುದು. ಕ್ಲಾಸ್ ಹೆಸರಿನಿಂದ ಹುಡುಕುವ ವ್ಯವಸ್ಥೆ ಬ್ರೌಸರುಗಳಲ್ಲಿ ಹತ್ತಿರಹತ್ತಿರ ಇನ್ನೊಂದು ದಶಕ ಇರಲಿಲ್ಲ.

ಇದರ ಪರಿಣಾಮವೇನೆಂದರೆ, ಒಂದೇ ಪುಟದ ಬಗ್ಗೆ ಮಾತನಾಡಲು ವಿನ್ಯಾಸಕಾರನಿಗೆ ಒಂದು ಭಾಷೆ, ಪ್ರೋಗ್ರಾಮರಿಗೆ ಇನ್ನೊಂದು ಭಾಷೆ. ವಿನ್ಯಾಸಕಾರ ತನ್ನ ಕಡತದಲ್ಲಿ

#ಪಟ್ಟಿ .ಸುದ್ದಿ .ಶೀರ್ಷಿಕೆ

ಎಂದು (# ಐಡಿಯ ಗುರುತು, ಚುಕ್ಕಿ ಕ್ಲಾಸಿನ ಗುರುತು) ಒಂದು ಸಾಲಿನಲ್ಲಿ ಬರೆಯುವುದನ್ನು ಪ್ರೋಗ್ರಾಮರ್ ಹದಿನೈದು ಸಾಲುಗಳಲ್ಲಿ ಬರೆಯುತ್ತಿದ್ದ. ಐಡಿಯಿಂದ ಪಟ್ಟಿಯನ್ನು ಹಿಡಿಯಬೇಕು, ಅದರೊಳಗಿನ ಎಲ್ಲ ಎಲಿಮೆಂಟುಗಳನ್ನು ತರಿಸಬೇಕು, ಒಂದೊಂದರ ಕ್ಲಾಸನ್ನೂ ನೋಡಬೇಕು. ಕ್ಲಾಸ್ ಎಂಬುದು ಖಾಲಿ ಜಾಗ ಬಿಟ್ಟು ಬರೆದ ಹಲವು ಹೆಸರುಗಳ ಸಾಲು ಆಗಿರಬಹುದಾದ್ದರಿಂದ ನೇರ ಹೋಲಿಕೆ ಸಾಲದು, ಆ ಸಾಲನ್ನು ಒಡೆದು ನೋಡಬೇಕು. ಹೀಗೆ ಸಿಕ್ಕ ಪ್ರತಿ ಸುದ್ದಿಯ ಒಳಗೂ ಇದೇ ಕೆಲಸವನ್ನು ಮತ್ತೊಮ್ಮೆ ಮಾಡಬೇಕು. ಪುಟದ ರಚನೆ ಸ್ವಲ್ಪ ಬದಲಾದರೆ ವಿನ್ಯಾಸಕಾರ ಒಂದು ಪದ ತಿದ್ದುತ್ತಿದ್ದ, ಪ್ರೋಗ್ರಾಮರ್ ಲೂಪುಗಳನ್ನೇ ಮರುಜೋಡಿಸುತ್ತಿದ್ದ.

2003ರ ಮಾರ್ಚ್‌ನಲ್ಲಿ ಸೈಮನ್ ವಿಲಿಸನ್ ಎಂಬವರು ಸೆಲೆಕ್ಟರನ್ನು ಕೊಟ್ಟರೆ ಎಲಿಮೆಂಟುಗಳನ್ನು ಹುಡುಕಿಕೊಡುವ ಒಂದು ಸಣ್ಣ ಜಾವಾಸ್ಕ್ರಿಪ್ಟ್ ಫಂಕ್ಷನ್ ಬರೆದು ಪ್ರಕಟಿಸಿದರು. ಬಣ್ಣ ಹಚ್ಚಲೆಂದು ಮಾಡಿದ ಭಾಷೆಯನ್ನು ಪ್ರಶ್ನೆ ಕೇಳುವ ಭಾಷೆಯನ್ನಾಗಿ ಬಳಸಬಹುದು ಎಂಬ ಯೋಚನೆ ಅಲ್ಲಿ ನೇರವಾಗಿ ಕಾಣಿಸುತ್ತದೆ. 2005ರಲ್ಲಿ ಬೆನ್ ನೋಲನ್ ಅವರ ಬಿಹೇವಿಯರ್ ಎಂಬ ಲೈಬ್ರರಿ ಬಂತು. ಅದನ್ನು ನೋಡಿ, ಇದಕ್ಕಿಂತ ಅಡಕವಾಗಿ ಬರೆಯಲು ಸಾಧ್ಯವೆಂದು ತೋರಿಸಹೊರಟ ಜಾನ್ ರೆಸಿಗ್ ಅವರ ಪ್ರಯತ್ನವೇ ಬೆಳೆದು, 2006ರ ಜನವರಿಯಲ್ಲಿ ನ್ಯೂಯಾರ್ಕಿನ ಬಾರ್‌ಕ್ಯಾಂಪ್‌ನಲ್ಲಿ ಜೆಕ್ವೆರಿ ಎಂಬ ಹೆಸರಿನಲ್ಲಿ ಹೊರಬಂತು. ಅದೇ ಕಾಲದಲ್ಲಿ ಸ್ಯಾಮ್ ಸ್ಟೀಫನ್ಸನ್ ಅವರ ಪ್ರೊಟೊಟೈಪ್ ಲೈಬ್ರರಿಯಲ್ಲಿ ಒಂದು ಡಾಲರ್ ಐಡಿಗೆ, ಎರಡು ಡಾಲರ್ ಸೆಲೆಕ್ಟರ್‌ಗೆ ಎಂಬ ರೂಢಿ ನೆಲೆಯಾಯಿತು. ಆರಂಭದ ಜೆಕ್ವೆರಿಗೆ ಎಕ್ಸ್‌ಪಾತ್ ಎಂಬ ಇನ್ನೊಂದು ಪ್ರಶ್ನಾಭಾಷೆಯೂ ಅರ್ಥವಾಗುತ್ತಿತ್ತು ಎಂಬುದನ್ನು ಈಗ ಬಹುಮಂದಿ ಮರೆತಿದ್ದಾರೆ, 2007ರ 1.2ನೇ ಆವೃತ್ತಿಯಲ್ಲಿ ಅದನ್ನು ಕೈಬಿಟ್ಟರು. ಎರಡರಲ್ಲಿ ಸಿಎಸ್‌ಎಸ್ ಗೆದ್ದದ್ದಕ್ಕೆ ಕಾರಣ ಅದರ ಶಕ್ತಿ ಎಂದು ನನಗೆ ಅನ್ನಿಸುವುದಿಲ್ಲ, ಎಕ್ಸ್‌ಪಾತ್‌ಗೇ ಹೆಚ್ಚು ಶಕ್ತಿಯಿತ್ತು. ಎಲ್ಲರಿಗೂ ಮೊದಲೇ ಬರುತ್ತಿದ್ದ ಭಾಷೆ ಸಿಎಸ್‌ಎಸ್ ಆಗಿತ್ತು, ಅಷ್ಟೆ.

ಇಲ್ಲಿ ಕನ್ನಡದವರಾದ ನಮಗೆ ಒಂದು ಅನುಕೂಲವಿದೆ, ಅದನ್ನು ಹೇಳಿಯೇ ಮುಂದೆ ಹೋಗುತ್ತೇನೆ. ಮೇಲಿನ ಸೆಲೆಕ್ಟರನ್ನು ಕನ್ನಡದಲ್ಲಿ ಓದಿ ನೋಡಿ: ‘ಪಟ್ಟಿಯ ಒಳಗಿನ ಸುದ್ದಿಯ ಒಳಗಿನ ಶೀರ್ಷಿಕೆ’. ಪದಗಳ ಕ್ರಮ ಚೂರೂ ಬದಲಾಗಲಿಲ್ಲ. ಇಂಗ್ಲಿಷ್ ವಾಕ್ಯದಲ್ಲಿ ಇದನ್ನು ತಲೆಕೆಳಗು ಮಾಡಿ, ಶೀರ್ಷಿಕೆಯಿಂದ ಶುರುಮಾಡಿ ಪಟ್ಟಿಯಲ್ಲಿ ಮುಗಿಸಬೇಕಾಗುತ್ತದೆ. ನಮ್ಮ ಷಷ್ಠೀ ವಿಭಕ್ತಿಯ ಸಾಲಿನಲ್ಲಿ ವಿಶೇಷಣಗಳೆಲ್ಲ ಮುಂದೆ, ವಿಶೇಷ್ಯ ಕೊನೆಗೆ. ‘ಅಣ್ಣನ ಮಗಳ ಮದುವೆಯ ಊಟ’ ಎಂದಾಗ ನಾವು ಮಾತನಾಡುತ್ತಿರುವುದು ಊಟದ ಬಗ್ಗೆಯೇ ಹೊರತು ಅಣ್ಣನ ಬಗ್ಗೆ ಅಲ್ಲ. ಸೆಲೆಕ್ಟರಿನಲ್ಲೂ ಕೈಗೆ ಸಿಗುವುದು ಕೊನೆಯ ತುಂಡು ಮಾತ್ರ, ಮುಂದಿನವೆಲ್ಲ ಅದರ ಗುರುತು ಹೇಳುವ ಮಾತುಗಳು. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಸೆಲೆಕ್ಟರ್ ಎಂಜಿನ್ನುಗಳು (ಸೆಲೆಕ್ಟರನ್ನು ಓದಿ ಎಲಿಮೆಂಟುಗಳನ್ನು ಹುಡುಕುವ ಕೋಡು) ಬಲದಿಂದ ಎಡಕ್ಕೆ ಏಕೆ ಓದುತ್ತವೆ ಎಂಬುದು ತಾನಾಗಿ ತಿಳಿಯುತ್ತದೆ.

ಮೊದಲ ಲೈಬ್ರರಿಗಳು ಎಡದಿಂದ ಬಲಕ್ಕೆ ಓದುತ್ತಿದ್ದವು. ಪಟ್ಟಿಯನ್ನು ಹಿಡಿ, ಅದರೊಳಗಿನ ಸುದ್ದಿಗಳನ್ನು ಹಿಡಿ, ಪ್ರತಿ ಸುದ್ದಿಯೊಳಗಿನ ಶೀರ್ಷಿಕೆಗಳನ್ನು ಹಿಡಿ. ಬರೆಯಲು ಸುಲಭವಾದ ಈ ವಿಧಾನದಲ್ಲಿ ಒಂದು ತೊಡಕಿದೆ. ಒಂದು ಸುದ್ದಿಯ ಒಳಗೆ ಇನ್ನೊಂದು ಸುದ್ದಿ ಇದ್ದರೆ ಒಳಗಿನ ಶೀರ್ಷಿಕೆ ಎರಡು ಬಾರಿ ಸಿಗುತ್ತದೆ, ಹೊರಗಿನ ಸುದ್ದಿಯ ಮೂಲಕ ಒಮ್ಮೆ, ಒಳಗಿನದರ ಮೂಲಕ ಇನ್ನೊಮ್ಮೆ. ಹಾಗಾಗಿ ಕೊನೆಗೆ ನಕಲುಗಳನ್ನು ತೆಗೆಯಬೇಕು, ಪುಟದಲ್ಲಿರುವ ಕ್ರಮಕ್ಕೆ ತಕ್ಕಂತೆ ಮತ್ತೆ ಜೋಡಿಸಬೇಕು, ಈ ಎರಡೂ ದುಬಾರಿ ಕೆಲಸಗಳು. ಬಲದಿಂದ ಎಡಕ್ಕೆ ಓದುವವನು ಮೊದಲು ಶೀರ್ಷಿಕೆಗಳನ್ನೆಲ್ಲ ಪುಟದ ಕ್ರಮದಲ್ಲೇ ತಂದಿಟ್ಟುಕೊಂಡು, ಒಂದೊಂದನ್ನೂ ‘ನಿನ್ನ ಪೂರ್ವಜರಲ್ಲಿ ಸುದ್ದಿ ಇದೆಯೇ, ಅದರ ಪೂರ್ವಜರಲ್ಲಿ ಪಟ್ಟಿ ಇದೆಯೇ’ ಎಂದು ವಿಚಾರಿಸುತ್ತಾನೆ. ಪ್ರತಿ ಎಲಿಮೆಂಟಿಗೂ ವಿಚಾರಣೆ ಒಮ್ಮೆಯೇ ನಡೆಯುವುದರಿಂದ ನಕಲಿನ ಪ್ರಶ್ನೆಯೇ ಏಳುವುದಿಲ್ಲ. ಪುಟವನ್ನು ಚಿತ್ರಿಸುವಾಗ ಬ್ರೌಸರ್ ಕೂಡ ಹೀಗೆಯೇ ಓದುತ್ತದೆ, ಏಕೆಂದರೆ ಅದರ ಮುಂದಿರುವುದು ಒಂದು ಎಲಿಮೆಂಟ್ ಮತ್ತು ‘ಇದಕ್ಕೆ ಯಾವ ಯಾವ ನಿಯಮ ಹೊಂದುತ್ತದೆ’ ಎಂಬ ಪ್ರಶ್ನೆ.

ಈ ವಿಚಾರಣೆ ಹೊರನೋಟಕ್ಕೆ ಕಾಣುವಷ್ಟು ಸರಳವಲ್ಲ.

#ಮನೆ > .ಕೋಣೆ .ಕುರ್ಚಿ

ಎಂಬ ಸೆಲೆಕ್ಟರನ್ನು ತೆಗೆದುಕೊಳ್ಳಿ. ಬಾಣದಂಥ ಆ ಚಿಹ್ನೆ ನೇರ ಮಗುವನ್ನು ಮಾತ್ರ ಒಪ್ಪುತ್ತದೆ. ಬರಿಯ ಖಾಲಿ ಜಾಗ ಎಷ್ಟನೆಯ ತಲೆಮಾರಿನವರನ್ನಾದರೂ ಒಪ್ಪುತ್ತದೆ. ಕೋಣೆಯೊಳಗೊಂದು ಒಳಕೋಣೆ, ಅದರಲ್ಲಿ ಕುರ್ಚಿ ಇದೆ ಎಂದುಕೊಳ್ಳಿ. ಕುರ್ಚಿಯಿಂದ ಮೇಲೇರಿದರೆ ಮೊದಲು ಸಿಗುವ ಕೋಣೆ ಒಳಕೋಣೆ. ಅದರ ತಂದೆ ಮನೆಯಲ್ಲ. ಇಲ್ಲಿಗೇ ನಿಲ್ಲಿಸಿ ‘ಹೊಂದುವುದಿಲ್ಲ’ ಎಂದುಬಿಟ್ಟರೆ ಉತ್ತರ ತಪ್ಪು. ಹಿಂದಕ್ಕೆ ಬಂದು, ಇನ್ನೂ ಮೇಲೇರಿ, ಹೊರಕೋಣೆಯನ್ನು ಪ್ರಯತ್ನಿಸಬೇಕು. ಅದು ಮನೆಯ ನೇರ ಮಗು, ಆದ್ದರಿಂದ ಕುರ್ಚಿ ಹೊಂದುತ್ತದೆ. ಲೈಬ್ರರಿ ಬರೆಯುವವರು ಈ ಹಿಂದೆ ಬರುವ ದಾರಿಯನ್ನು ಮರೆತರೆ ನೂರರಲ್ಲಿ ತೊಂಬತ್ತೊಂಬತ್ತು ಪುಟಗಳಲ್ಲಿ ಎಲ್ಲವೂ ಸರಿಯಾಗಿ ನಡೆಯುತ್ತದೆ, ನೂರನೆಯದರಲ್ಲಿ ಕುರ್ಚಿ ಕಾಣೆಯಾಗುತ್ತದೆ.

2007ರ ಹೊತ್ತಿಗೆ ಲೈಬ್ರರಿಗಳ ನಡುವೆ ವೇಗದ ಪೈಪೋಟಿಯೇ ಶುರುವಾಗಿತ್ತು. ಎಕ್ಸ್‌ಟಿಯ ಡಾಮ್‌ಕ್ವೆರಿ, ಡೋಜೋದ ಕ್ವೆರಿ, ಪ್ರೊಟೊಟೈಪ್, ಮೂಟೂಲ್ಸ್, ಜೆಕ್ವೆರಿ ಎಲ್ಲವನ್ನೂ ಒಂದೇ ಪುಟದ ಮೇಲೆ ಓಡಿಸಿ ಅಳೆಯುವ ಸ್ಲಿಕ್‌ಸ್ಪೀಡ್ ಎಂಬ ಪರೀಕ್ಷೆಯನ್ನು ಮೂಟೂಲ್ಸ್ ತಂಡ ಮಾಡಿತ್ತು. ಆ ಓಟದ ಫಲವಾಗಿ ಹುಟ್ಟಿದ ಎಂಜಿನ್ನುಗಳಲ್ಲಿ ಬಹುಕಾಲ ಉಳಿದದ್ದು ರೆಸಿಗ್ ಬರೆದ ಸಿಜಲ್. 2009ರ ಜನವರಿಯಲ್ಲಿ ಬಂದ ಜೆಕ್ವೆರಿ 1.3ರಲ್ಲಿ ಅದು ಸೇರಿತು. 2012ರ 1.8ನೇ ಆವೃತ್ತಿಯ ಹೊತ್ತಿಗೆ ಅದು ಸೆಲೆಕ್ಟರನ್ನು ಓದಿ, ಅದರಿಂದ ಪರೀಕ್ಷಾ ಫಂಕ್ಷನ್ನುಗಳ ಒಂದು ಸರಪಳಿಯನ್ನು ಕಟ್ಟಿ, ಅದೇ ಸೆಲೆಕ್ಟರ್ ಮತ್ತೆ ಬಂದರೆ ಬಳಸಲೆಂದು ಎತ್ತಿಡುವ ಮಟ್ಟಕ್ಕೆ ಬೆಳೆದಿತ್ತು. ಇದರ ಜೊತೆಗೆ ಬ್ರೌಸರುಗಳ ಹಳೆಯ ರೋಗಗಳಿಗೆ ಮದ್ದನ್ನೂ ಇಟ್ಟುಕೊಳ್ಳಬೇಕಿತ್ತು. ಇಂಟರ್ನೆಟ್ ಎಕ್ಸ್‌ಪ್ಲೋರರ್‌ನ ಹಳೆಯ ಆವೃತ್ತಿಗಳು ಐಡಿ ಕೇಳಿದರೆ ನೇಮ್ ಆಟ್ರಿಬ್ಯೂಟಿನಲ್ಲಿ ಅದೇ ಪದವಿರುವ ಬೇರೊಂದು ಎಲಿಮೆಂಟನ್ನು ತಂದು ಕೊಡುತ್ತಿದ್ದವು. ನಕ್ಷತ್ರ ಚಿಹ್ನೆ ಹಾಕಿ ‘ಎಲ್ಲ ಟ್ಯಾಗುಗಳು’ ಎಂದರೆ ಟಿಪ್ಪಣಿಗಳನ್ನೂ ಎಲಿಮೆಂಟುಗಳೆಂದು ಎಣಿಸುತ್ತಿದ್ದವು.

ಅಷ್ಟರಲ್ಲಿ ಬ್ರೌಸರ್ ತಯಾರಕರು ಆ ಕೆಲಸವನ್ನು ತಾವೇ ವಹಿಸಿಕೊಂಡರು. ಸೆಲೆಕ್ಟರುಗಳನ್ನು ಓದುವ ಎಂಜಿನ್ ತಮ್ಮೊಳಗೆ ಮೊದಲಿನಿಂದಲೂ ಇದ್ದದ್ದರಿಂದ ಅದಕ್ಕೊಂದು ಬಾಗಿಲು ತೆರೆದರೆ ಸಾಕಿತ್ತು. ಕ್ವೆರಿಸೆಲೆಕ್ಟರ್ ಮತ್ತು ಕ್ವೆರಿಸೆಲೆಕ್ಟರ್‌ಆಲ್ ಎಂಬ ಆ ಬಾಗಿಲುಗಳು 2008ರಲ್ಲಿ ಸಫಾರಿ 3.1ರಲ್ಲಿ, 2009ರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ 8 ಮತ್ತು ಫೈರ್‌ಫಾಕ್ಸ್ 3.5ರಲ್ಲಿ ಬಂದವು, ಡಬ್ಲ್ಯು3ಸಿ ಅದನ್ನು ಅಂತಿಮ ಶಿಫಾರಸಾಗಿಸಿದ್ದು 2013ರ ಫೆಬ್ರವರಿಯಲ್ಲಿ. ಅಂದಿನಿಂದ ಜೆಕ್ವೆರಿಯ ಒಳಗಿನ ವ್ಯವಹಾರ ಹೀಗೆ ನಡೆಯುತ್ತದೆ: ಸೆಲೆಕ್ಟರ್ ಬರಿಯ ಒಂದು ಐಡಿ, ಒಂದು ಕ್ಲಾಸ್ ಅಥವಾ ಒಂದು ಟ್ಯಾಗ್ ಆಗಿದ್ದರೆ ಅದಕ್ಕೆಂದೇ ಇರುವ ಹಳೆಯ ವೇಗದ ದಾರಿ, ಇಲ್ಲವಾದರೆ ಅದನ್ನು ಬ್ರೌಸರಿಗೇ ಒಪ್ಪಿಸುವುದು, ಬ್ರೌಸರ್ ‘ಇದು ನನಗೆ ಅರ್ಥವಾಗಲಿಲ್ಲ’ ಎಂದು ದೋಷ ಎಸೆದರೆ ಅದನ್ನು ಸದ್ದಿಲ್ಲದೆ ಹಿಡಿದು ತನ್ನದೇ ಎಂಜಿನ್ನನ್ನು ಓಡಿಸುವುದು. ಈ ಮೂರನೆಯ ಮೆಟ್ಟಿಲನ್ನು ನೆನಪಿನಲ್ಲಿಡಿ, ಇಂದಿನ ಮಾತಿನ ತಿರುಳು ಅದರಲ್ಲಿದೆ.

ಬ್ರೌಸರಿಗೆ ಒಪ್ಪಿಸಿದ ಕೂಡಲೇ ಮೊದಲ ಬಿರುಕು ಕಾಣಿಸಿತು. ಪುಟದ ಒಂದು ಎಲಿಮೆಂಟನ್ನು ಹಿಡಿದು, ಅದರ ಒಳಗೆ ಮಾತ್ರ ಹುಡುಕು ಎಂದು ಹೇಳುವುದು ಸಾಮಾನ್ಯ. ಪೆಟ್ಟಿಗೆ ಎಂಬ ಎಲಿಮೆಂಟ್ ನಮ್ಮ ಕೈಯಲ್ಲಿದೆ, ಅದರ ಮೇಲೆ ಕ್ವೆರಿಸೆಲೆಕ್ಟರ್‌ಆಲ್ ಕರೆದು ‘.ಪುಟ .ಹೆಸರು’ ಎಂಬ ಸೆಲೆಕ್ಟರ್ ಕೊಟ್ಟೆವು ಎನ್ನಿ. ಪೆಟ್ಟಿಗೆಯೊಳಗೆ ಪುಟ ಎಂಬ ಕ್ಲಾಸ್ ಇಲ್ಲವೇ ಇಲ್ಲ, ಆದರೆ ಪೆಟ್ಟಿಗೆಯೇ ಒಂದು ದೊಡ್ಡ ಪುಟದ ಒಳಗಿದೆ. ಏನೂ ಸಿಗಬಾರದು ಎಂದು ನಾವು ಎಣಿಸುತ್ತೇವೆ. ಪೆಟ್ಟಿಗೆಯೊಳಗಿನ ಎಲ್ಲ ಹೆಸರುಗಳೂ ಸಿಗುತ್ತವೆ. ಬ್ರೌಸರಿನ ದೃಷ್ಟಿಯಲ್ಲಿ ಸೆಲೆಕ್ಟರ್ ಇಡೀ ದಾಖಲೆಯನ್ನು ಕುರಿತದ್ದು. ಕೊನೆಯಲ್ಲಿ ಸಿಕ್ಕ ಎಲಿಮೆಂಟ್ ಪೆಟ್ಟಿಗೆಯೊಳಗೆ ಇದ್ದರೆ ಸಾಕು, ಅದರ ಗುರುತು ಹೇಳುವ ಪೂರ್ವಜರು ಹೊರಗಿದ್ದರೂ ಅಡ್ಡಿಯಿಲ್ಲ. ಜೆಕ್ವೆರಿಯ ದೃಷ್ಟಿಯಲ್ಲಿ ಸೆಲೆಕ್ಟರ್ ಪೆಟ್ಟಿಗೆಯಿಂದಲೇ ಶುರುವಾಗುತ್ತದೆ. ಈ ವ್ಯತ್ಯಾಸವನ್ನು ಮುಚ್ಚಲು ಜೆಕ್ವೆರಿ ಕಂಡುಕೊಂಡ ಉಪಾಯ ತಮಾಷೆಯಾಗಿದೆ: ಪೆಟ್ಟಿಗೆಗೆ ಐಡಿ ಇಲ್ಲದಿದ್ದರೆ ಕ್ಷಣಮಾತ್ರಕ್ಕೆ ಒಂದು ಐಡಿ ಅಂಟಿಸಿ, ಸೆಲೆಕ್ಟರಿನ ಮುಂದೆ ಆ ಐಡಿಯನ್ನು ಜೋಡಿಸಿ, ಬ್ರೌಸರನ್ನು ಕೇಳಿ, ಉತ್ತರ ಬಂದ ಮೇಲೆ ಐಡಿಯನ್ನು ಕಿತ್ತುಹಾಕುವುದು. ಈಗ ಸಿಎಸ್‌ಎಸ್‌ನಲ್ಲೇ ಹುಡುಕಾಟ ಶುರುವಾದ ಎಲಿಮೆಂಟನ್ನೇ ಸೂಚಿಸುವ ಸ್ಕೋಪ್ ಎಂಬ ಸ್ಯೂಡೊ-ಕ್ಲಾಸ್ (ಕೋಲನ್ ಹಾಕಿ ಬರೆಯುವ, ಎಲಿಮೆಂಟಿನ ಸ್ಥಿತಿ ಅಥವಾ ಸ್ಥಾನ ಹೇಳುವ ಪದ) ಬಂದಿದೆ. ಲೈಬ್ರರಿಯಿಲ್ಲದೆ ಬರೆಯುವವರು ಸೆಲೆಕ್ಟರಿನ ತಲೆಯಲ್ಲಿ ಅದನ್ನು ಹಾಕುವ ಅಭ್ಯಾಸ ಮಾಡಿಕೊಳ್ಳುವುದು ಒಳ್ಳೆಯದು.

ಇನ್ನೊಂದು ಬಿರುಕನ್ನು ನಾನು ಸ್ವಂತ ಖರ್ಚಿನಲ್ಲಿ ಕಲಿತೆ. ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಡೆ, ಓದದ ಸೂಚನೆಗಳಿಗೆ ಒಂದು ಕ್ಲಾಸ್ ಹಚ್ಚಿ ದಪ್ಪಕ್ಷರದಲ್ಲಿ ತೋರಿಸುವ ಪುಟವಿತ್ತು. ‘ಎಲ್ಲವನ್ನೂ ಓದಿದ್ದೇನೆ’ ಎಂಬ ಗುಂಡಿ ಒತ್ತಿದರೆ ಆ ಕ್ಲಾಸನ್ನು ಎಲ್ಲದರಿಂದಲೂ ತೆಗೆಯಬೇಕು. ಪುಟವನ್ನು ಹಗುರ ಮಾಡೋಣವೆಂದು ನಾನು ಜೆಕ್ವೆರಿಯನ್ನು ತೆಗೆದು, ಕ್ಲಾಸ್ ಹೆಸರಿನಿಂದ ಹುಡುಕುವ ಬ್ರೌಸರಿನ ಹಳೆಯ ಫಂಕ್ಷನ್ನನ್ನು ಹಾಕಿ, ಸೊನ್ನೆಯಿಂದ ಲೂಪ್ ಓಡಿಸಿದೆ. ಗುಂಡಿ ಒತ್ತಿದಾಗ ಒಂದು ಬಿಟ್ಟು ಒಂದು ಸೂಚನೆ ದಪ್ಪಗೆ ಉಳಿಯಿತು. ಆ ಫಂಕ್ಷನ್ ಕೊಡುವ ಪಟ್ಟಿ ಜೀವಂತ ಪಟ್ಟಿ: ಕ್ಲಾಸ್ ತೆಗೆದ ಕ್ಷಣವೇ ಆ ಎಲಿಮೆಂಟ್ ಪಟ್ಟಿಯಿಂದ ಜಾರಿಹೋಗುತ್ತದೆ, ಒಂದನೆಯದು ಸೊನ್ನೆಯ ಜಾಗಕ್ಕೆ ಬರುತ್ತದೆ, ಲೂಪ್ ಮಾತ್ರ ಒಂದಕ್ಕೆ ಹೋಗಿರುತ್ತದೆ. ಜೆಕ್ವೆರಿ ಕೊಡುವ ಗುಂಪಾಗಲಿ ಕ್ವೆರಿಸೆಲೆಕ್ಟರ್‌ಆಲ್ ಕೊಡುವ ಪಟ್ಟಿಯಾಗಲಿ ಹೀಗೆ ಅಲುಗಾಡುವುದಿಲ್ಲ, ಕೇಳಿದ ಕ್ಷಣದ ಚಿತ್ರವನ್ನು ಹಿಡಿದಿಟ್ಟಿರುತ್ತವೆ. ಈ ಸಂಗತಿ ಪುಸ್ತಕದಲ್ಲಿ ಎಂದೋ ಓದಿದ್ದೆ, ಆ ದಿನ ಮಾತ್ರ ಹೊಳೆಯಲಿಲ್ಲ.

ಜೆಕ್ವೆರಿ ತನ್ನದೇ ಆದ ಕೆಲವು ಪದಗಳನ್ನೂ ಸೆಲೆಕ್ಟರಿನ ಭಾಷೆಗೆ ಸೇರಿಸಿತು. ಮೊದಲನೆಯದು, ಕೊನೆಯದು, ಇಷ್ಟನೆಯದು, ಕಣ್ಣಿಗೆ ಕಾಣುವುದು, ಇಂಥ ಪಠ್ಯವನ್ನು ಒಳಗೊಂಡದ್ದು ಎಂಬರ್ಥದ ಈ ಪದಗಳು ಸಿಎಸ್‌ಎಸ್‌ನವೇ ಎಂದು ನಂಬಿದವರು ಬಹಳ. ಇವುಗಳ ಎಣಿಕೆಯೂ ಬೇರೆ. ಸಿಎಸ್‌ಎಸ್‌ನಲ್ಲಿ ಎಂತ್-ಚೈಲ್ಡ್ (ಇಷ್ಟನೆಯ ಮಗು) ಒಂದರಿಂದ ಎಣಿಸುತ್ತದೆ, ಜೆಕ್ವೆರಿಯ ಈಕ್ಯೂ (ಇಷ್ಟನೆಯದು) ಸೊನ್ನೆಯಿಂದ ಎಣಿಸುತ್ತದೆ. ಹಾಗಾಗಿ ಜೆಕ್ವೆರಿಯಲ್ಲಿ ಈವನ್ (ಸಮ ಸಂಖ್ಯೆಯವು) ಎಂದು ಬರೆದು ಟೇಬಲ್ಲಿನ ಸಾಲುಗಳಿಗೆ ಬಣ್ಣ ಹಚ್ಚಿದರೆ ಬಣ್ಣ ಬೀಳುವುದು ಕಣ್ಣಿಗೆ ಕಾಣುವ ಒಂದನೆಯ, ಮೂರನೆಯ, ಐದನೆಯ ಸಾಲುಗಳಿಗೆ. ಸಿಎಸ್‌ಎಸ್‌ನಲ್ಲಿ ಎಂತ್-ಚೈಲ್ಡ್‌ಗೆ ಅದೇ ಪದವನ್ನು ಕೊಟ್ಟರೆ ಎರಡನೆಯ, ನಾಲ್ಕನೆಯ ಸಾಲುಗಳಿಗೆ. ಇಂಥ ಸ್ಥಾನಸೂಚಕ ಪದಗಳು ಎಂಜಿನ್ನಿಗೂ ತಲೆನೋವು, ಏಕೆಂದರೆ ‘ಮೂರನೆಯದು’ ಎಂಬುದು ಒಂದು ಎಲಿಮೆಂಟಿನ ಗುಣವಲ್ಲ, ಅಲ್ಲಿಯವರೆಗೆ ಸಿಕ್ಕ ಇಡೀ ಗುಂಪಿನ ಮೇಲೆ ಅವಲಂಬಿಸಿದ ಮಾತು. ಒಂದೊಂದನ್ನೇ ಬಲದಿಂದ ಎಡಕ್ಕೆ ವಿಚಾರಿಸುವವನಿಗೆ ಅದು ದಕ್ಕುವುದಿಲ್ಲ. 2019ರ 3.4ನೇ ಆವೃತ್ತಿಯಲ್ಲಿ ಜೆಕ್ವೆರಿ ತಂಡ ಇವುಗಳನ್ನು ಇನ್ನು ಬಳಸಬೇಡಿ ಎಂಬ ಪಟ್ಟಿಗೆ ಸೇರಿಸಿತು. ಸೆಲೆಕ್ಟರಿನ ಬದಲು ಮೆಥಡ್ ಆಗಿ ಕರೆಯಿರಿ ಎಂಬುದು ಅವರ ಸಲಹೆ, ಅದು ಸರಿಯಾದ ಸಲಹೆ.

ಈಗ ಮೂರನೆಯ ಮೆಟ್ಟಿಲಿಗೆ ಬರೋಣ. ಹ್ಯಾಸ್ ಎಂಬ ಸ್ಯೂಡೊ-ಕ್ಲಾಸ್ ಜೆಕ್ವೆರಿಯಲ್ಲಿ 2007ರಿಂದಲೇ ಇದೆ: ಒಳಗೆ ಇಂಥದ್ದನ್ನು ಹೊಂದಿರುವ ಎಲಿಮೆಂಟನ್ನು ಆರಿಸು ಎಂದು ಅದರ ಅರ್ಥ. ಷಷ್ಠಿಯ ಸಾಲಿನ ದಿಕ್ಕನ್ನು ತಿರುಗಿಸುವ ಪದವಿದು, ‘ಕುರ್ಚಿಯಿರುವ ಕೋಣೆ’ ಎಂದಂತೆ. ಬ್ರೌಸರುಗಳು ಇದನ್ನು ಬಹುಕಾಲ ಮುಟ್ಟಲಿಲ್ಲ, ಏಕೆಂದರೆ ಪುಟ ಚಿತ್ರಿಸುವಾಗ ಪ್ರತಿ ಸಣ್ಣ ಬದಲಾವಣೆಗೂ ಪೂರ್ವಜರನ್ನೆಲ್ಲ ಮತ್ತೆ ವಿಚಾರಿಸಬೇಕಾದೀತೆಂಬ ಭಯವಿತ್ತು. 2022ರ ಮಾರ್ಚ್‌ನಲ್ಲಿ ಸಫಾರಿ 15.4, ಆಗಸ್ಟ್‌ನಲ್ಲಿ ಕ್ರೋಮ್ 105 ಕೊನೆಗೂ ಅದನ್ನು ಅಳವಡಿಸಿಕೊಂಡವು. ಎಲ್ಲರಿಗೂ ಸಂತೋಷ. ಆದರೆ ಚೆನ್ನಾಗಿ ನಡೆಯುತ್ತಿದ್ದ ಕೆಲವು ಹಳೆಯ ಪುಟಗಳಲ್ಲಿ ಎಲಿಮೆಂಟುಗಳು ಸಿಗದಂತಾದವು. ಆ ಪುಟಗಳ ಕೋಡಿನಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ.

ನಡೆದದ್ದು ಇಷ್ಟು. ಹ್ಯಾಸ್ ಒಳಗೆ ಹಲವು ಸೆಲೆಕ್ಟರುಗಳನ್ನು ಅಲ್ಪವಿರಾಮ ಹಾಕಿ ಬರೆಯಬಹುದು. ಅವುಗಳಲ್ಲಿ ಒಂದು ಅರ್ಥವಾಗದಿದ್ದರೆ ಅದನ್ನು ಮಾತ್ರ ಬಿಟ್ಟು ಉಳಿದವನ್ನು ನೋಡು ಎಂಬ ಕ್ಷಮಾಶೀಲ ನಿಯಮವನ್ನು ನಿರ್ದಿಷ್ಟತೆ ಬರೆದವರು ಇಟ್ಟಿದ್ದರು. ಒಬ್ಬ ಪ್ರೋಗ್ರಾಮರ್ ಹಿಂದೆಂದೋ ಜೆಕ್ವೆರಿಯಲ್ಲಿ ‘ಇಂಥ ಪಠ್ಯವನ್ನು ಒಳಗೊಂಡದ್ದನ್ನು ಹೊಂದಿರುವ ಕಾರ್ಡ್’ ಎಂದು, ಅಂದರೆ ಹ್ಯಾಸ್ ಒಳಗೆ ಕಂಟೇನ್ಸ್ ಎಂಬ ಜೆಕ್ವೆರಿಯ ಪದವನ್ನಿಟ್ಟು ಬರೆದಿದ್ದ. ಮೊದಲು ಹ್ಯಾಸ್ ಎಂಬುದೇ ಬ್ರೌಸರಿಗೆ ಗೊತ್ತಿರಲಿಲ್ಲ, ಅದು ದೋಷ ಎಸೆಯುತ್ತಿತ್ತು, ಜೆಕ್ವೆರಿ ಹಿಡಿದು ತಾನು ಉತ್ತರಿಸುತ್ತಿತ್ತು. ಈಗ ಹ್ಯಾಸ್ ಗೊತ್ತು, ಕಂಟೇನ್ಸ್ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಕ್ಷಮಿಸಿ ಬಿಟ್ಟುಬಿಟ್ಟಿತು. ಹ್ಯಾಸ್ ಒಳಗೆ ಏನೂ ಉಳಿಯಲಿಲ್ಲ. ಏನೂ ಇಲ್ಲದ್ದನ್ನು ಯಾವ ಎಲಿಮೆಂಟೂ ಹೊಂದುವುದಿಲ್ಲ. ಆದ್ದರಿಂದ ಉತ್ತರ ಖಾಲಿ ಪಟ್ಟಿ. ದೋಷ ಬರಲಿಲ್ಲವಾದ್ದರಿಂದ ಜೆಕ್ವೆರಿ ಆ ಖಾಲಿ ಪಟ್ಟಿಯನ್ನೇ ನಂಬಿತು. ಬ್ರೌಸರ್ ತೋರಿದ ಔದಾರ್ಯವೇ ಲೈಬ್ರರಿಯ ಕೈ ಕಟ್ಟಿಹಾಕಿತು.

ಈ ಜಗಳದಲ್ಲಿ ಮಣಿದದ್ದು ಯಾರು ಎಂಬುದು ಕುತೂಹಲದ ಸಂಗತಿ. 2022ರ ಡಿಸೆಂಬರ್‌ನಲ್ಲಿ ಸಿಎಸ್‌ಎಸ್ ಕಾರ್ಯಗುಂಪು ಹ್ಯಾಸ್ ಮಟ್ಟಿಗೆ ಕ್ಷಮಾಶೀಲ ನಿಯಮವನ್ನು ಹಿಂತೆಗೆದುಕೊಂಡಿತು. ಒಳಗೆ ಅರ್ಥವಾಗದ ಪದವಿದ್ದರೆ ಇಡೀ ಸೆಲೆಕ್ಟರ್ ಈಗ ದೋಷ. ಅದೇ ತಿಂಗಳು ಜೆಕ್ವೆರಿ ತಂಡವೂ ತನ್ನ ಕಡೆಯಿಂದ ತೇಪೆ ಹಾಕಿದ ಆವೃತ್ತಿಗಳನ್ನು ಹೊರತಂದಿತು. ಈಸ್ ಮತ್ತು ವೇರ್ ಎಂಬ ಸೋದರ ಸ್ಯೂಡೊ-ಕ್ಲಾಸುಗಳು ಇಂದಿಗೂ ಕ್ಷಮಾಶೀಲವಾಗಿಯೇ ಇವೆ, ಹ್ಯಾಸ್ ಒಂದೇ ಕಟ್ಟುನಿಟ್ಟು. ಈ ಇತಿಹಾಸ ಗೊತ್ತಿಲ್ಲದವರು ನಿರ್ದಿಷ್ಟತೆಯನ್ನು ಓದಿದರೆ ಈ ಅಸಮತೆಗೆ ಕಾರಣವೇ ಹೊಳೆಯುವುದಿಲ್ಲ. 2006ರಲ್ಲಿ ಒಬ್ಬರು ಹಂಚಿಕೊಂಡ ಲೈಬ್ರರಿ ಹದಿನಾರು ವರ್ಷಗಳ ಬಳಿಕ ವೆಬ್‌ನ ಮಾನಕವನ್ನೇ ಬಾಗಿಸಿದ್ದು ನನಗೆ ಈಗಲೂ ಸೋಜಿಗವೆನ್ನಿಸುತ್ತದೆ.

ಕನ್ನಡದ ಹೆಸರುಗಳ ಬಗ್ಗೆ ಹೇಳುತ್ತೇನೆಂದು ಮಾತು ಕೊಟ್ಟಿದ್ದೆ. ಸಿಎಸ್‌ಎಸ್‌ನ ನಿಯಮದಂತೆ ಐಡಿ ಮತ್ತು ಕ್ಲಾಸ್ ಹೆಸರುಗಳಲ್ಲಿ ಕನ್ನಡದ ಅಕ್ಷರಗಳನ್ನು ಯಾವ ಮರೆಮಾಚುವಿಕೆಯೂ ಇಲ್ಲದೆ ನೇರವಾಗಿ ಬರೆಯಬಹುದು. ಅಂಕಿಯಿಂದ ಶುರುವಾಗುವ ಹೆಸರನ್ನು ಸೆಲೆಕ್ಟರಿನಲ್ಲಿ ಹಾಗೆಯೇ ಬರೆಯುವಂತಿಲ್ಲವಲ್ಲ, ಆ ನಿಷೇಧ 0ಯಿಂದ 9ರವರೆಗಿನ ಅಂಕಿಗಳಿಗೆ ಮಾತ್ರ. ಹಾಗಾಗಿ ‘#1ಪುಟ’ ಎಂದರೆ ಬ್ರೌಸರ್ ದೋಷ ಎಸೆಯುತ್ತದೆ, ‘#೧ಪುಟ’ ಎಂದರೆ ಮರುಮಾತಿಲ್ಲದೆ ಹುಡುಕಿಕೊಡುತ್ತದೆ. ಆ ಮೊದಲನೆಯದನ್ನೇ ಜೆಕ್ವೆರಿಗೆ ಕೊಟ್ಟು ನೋಡಿ: ಬ್ರೌಸರಿನ ದೋಷವನ್ನು ನುಂಗಿಕೊಂಡು, ತನ್ನ ಸಡಿಲ ನಿಯಮದಿಂದ ಅದನ್ನೂ ಹುಡುಕಿಕೊಡುತ್ತದೆ. ಜೆಕ್ವೆರಿ ತೆಗೆದ ದಿನ ಇಂಥ ಸಾಲುಗಳು ಒಂದೊಂದಾಗಿ ಮುರಿಯುತ್ತವೆ. ಇನ್ನೊಂದು ಒಳಗುಟ್ಟು: ಬರಿಯ ಐಡಿಗೆ ವೇಗದ ದಾರಿಯಿದೆ ಎಂದೆನಲ್ಲ, ಆ ದಾರಿಯ ಬಾಗಿಲಲ್ಲಿ ಜೆಕ್ವೆರಿ ನೋಡುವ ಗುರುತು ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೆರೆಗಳನ್ನು ಮಾತ್ರ ಬಲ್ಲದು. ಕನ್ನಡದ ಐಡಿ ಸುತ್ತುದಾರಿ ಹಿಡಿದು ಕ್ವೆರಿಸೆಲೆಕ್ಟರ್‌ಆಲ್ ಮೂಲಕ ಬರುತ್ತದೆ. ಉತ್ತರ ಸರಿಯೇ ಇರುತ್ತದೆ, ಕ್ಷಣಾಂಶದ ತಡ ಅಷ್ಟೆ.

ನಿಜವಾದ ಅಪಾಯ ಬೇರೆ ಕಡೆ ಇದೆ. ‘ಕೋಶ’ ಎಂಬ ಪದದ ಓಕಾರವನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ, ದೀರ್ಘದ ಕೊಂಬು, ದೀರ್ಘ ಚಿಹ್ನೆ ಎಂಬ ಮೂರು ಬಿಡಿ ಸಂಕೇತಗಳಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಯೂನಿಕೋಡ್ ಅವನ್ನು ಸಮಾನವೆಂದು ಹೇಳಿದರೂ ಸೆಲೆಕ್ಟರ್ ಹೋಲಿಸುವಾಗ ಬ್ರೌಸರ್ ಸಂಕೇತ ಸಂಕೇತಗಳನ್ನೇ ಹೋಲಿಸುತ್ತದೆ, ಸಮಾನ ರೂಪಕ್ಕೆ ತರುವ ಗೊಡವೆಗೆ ಹೋಗುವುದಿಲ್ಲ. ‘ರ‍್ಯ’ದಂಥ ಕಡೆ ಕಣ್ಣಿಗೆ ಕಾಣದೆ ಸೇರುವ ಜೋಡಕ ಚಿಹ್ನೆಯದೂ ಇದೇ ಕಥೆ. ಬೇರೆ ಬೇರೆ ಕೀಲಿಮಣೆ ಬಳಸುವ ಇಬ್ಬರು, ಒಬ್ಬರು ಎಚ್‌ಟಿಎಂಎಲ್ ಬರೆದು ಇನ್ನೊಬ್ಬರು ಸೆಲೆಕ್ಟರ್ ಬರೆದರೆ, ಕಣ್ಣಿಗೆ ಒಂದೇ ಆದ ಎರಡು ಹೆಸರುಗಳು ಹೊಂದದೆ ಹೋಗಬಹುದು. ಜೆಕ್ವೆರಿಯ ಕಂಟೇನ್ಸ್ ಕೂಡ ಸಂಕೇತಗಳನ್ನೇ ನೋಡುವುದರಿಂದ ‘ಕನ’ ಎಂದು ಹುಡುಕಿದರೆ ‘ಕನ್ನಡ’ವೂ ಸಿಗುತ್ತದೆ, ನಮ್ಮ ಕಣ್ಣಿಗೆ ಅಲ್ಲಿರುವುದು ಒತ್ತಕ್ಷರ, ಯಂತ್ರಕ್ಕೆ ಕ, ನ, ವಿರಾಮ, ನ, ಡ ಎಂಬ ಸಾಲು. ಈ ಕಾರಣಗಳಿಗಾಗಿ ಕಲಿಸುವಾಗ ಮತ್ತು ಮಾತನಾಡುವಾಗ ನಾನು ಕನ್ನಡದ ಹೆಸರುಗಳನ್ನು ಬಳಸುತ್ತೇನೆ, ಹಲವರು ಸೇರಿ ಬರೆಯುವ ಕೋಡಿನಲ್ಲಿ ಬಳಸುವುದಿಲ್ಲ.

ಎರಡು ಭಾಷೆಗಳ ಪುಟ ಮಾಡುವವರಿಗೆ ಒಂದು ಮಾತು. ಕನ್ನಡದ ಭಾಗವನ್ನಷ್ಟೇ ಆರಿಸಲು ಲ್ಯಾಂಗ್ ಎಂಬ ಆಟ್ರಿಬ್ಯೂಟನ್ನು ಚೌಕ ಆವರಣದಲ್ಲಿಟ್ಟು ಕೇಳಿದರೆ ಆ ಆಟ್ರಿಬ್ಯೂಟ್ ಬರೆದಿರುವ ಎಲಿಮೆಂಟ್ ಮಾತ್ರ ಸಿಗುತ್ತದೆ. ಅದೇ ಹೆಸರಿನ ಸ್ಯೂಡೊ-ಕ್ಲಾಸ್ ಬಳಸಿದರೆ, ಭಾಷೆ ತಂದೆಯಿಂದ ಮಕ್ಕಳಿಗೆ ಇಳಿಯುತ್ತದೆ ಎಂಬುದನ್ನು ಬ್ರೌಸರ್ ಲೆಕ್ಕಕ್ಕೆ ತೆಗೆದುಕೊಂಡು ಒಳಗಿನ ಎಲ್ಲವನ್ನೂ ಕೊಡುತ್ತದೆ.

ಹೊರಗಿನಿಂದ ಬಂದ ಪಠ್ಯವನ್ನು ಸೆಲೆಕ್ಟರಿಗೆ ಸೇರಿಸುವ ಅಭ್ಯಾಸದ ಬಗ್ಗೆ ಎಚ್ಚರಿಸದೆ ಮುಗಿಸಲಾರೆ. ಡಾಲರ್ ಫಂಕ್ಷನ್ ಸೆಲೆಕ್ಟರನ್ನೂ ಸ್ವೀಕರಿಸುತ್ತದೆ, ಎಚ್‌ಟಿಎಂಎಲ್ ತುಣುಕನ್ನೂ ಸ್ವೀಕರಿಸುತ್ತದೆ. ತುಣುಕಾದರೆ ಹುಡುಕುವ ಬದಲು ಹೊಸ ಎಲಿಮೆಂಟುಗಳನ್ನೇ ಹುಟ್ಟಿಸುತ್ತದೆ. ವಿಳಾಸದ ಪಟ್ಟಿಯಲ್ಲಿ ಹ್ಯಾಶ್ ಚಿಹ್ನೆಯ ಬಳಿಕ ಬರುವ ಭಾಗವನ್ನು ನೇರವಾಗಿ ಡಾಲರ್‌ಗೆ ಕೊಡುತ್ತಿದ್ದ ಪುಟಗಳಲ್ಲಿ ದುಷ್ಟರು ಅಲ್ಲಿ ಸ್ಕ್ರಿಪ್ಟ್ ತುರುಕಬಹುದಾಗಿತ್ತು. 2013ರ ಜನವರಿಯ 1.9ನೇ ಆವೃತ್ತಿಯಿಂದ, ಕೋನ ಚಿಹ್ನೆಯಿಂದಲೇ ಶುರುವಾಗದ ಪಠ್ಯವನ್ನು ಜೆಕ್ವೆರಿ ಎಚ್‌ಟಿಎಂಎಲ್ ಎಂದು ಎಣಿಸುವುದಿಲ್ಲ. ಆದರೂ ಬಳಕೆದಾರರು ಬರೆದ ಹೆಸರನ್ನು ಸೆಲೆಕ್ಟರಿನಲ್ಲಿ ಸೇರಿಸುವಾಗ ಬ್ರೌಸರಿನ ಸಿಎಸ್‌ಎಸ್-ಎಸ್ಕೇಪ್ ಫಂಕ್ಷನ್ನನ್ನೋ, ಜೆಕ್ವೆರಿ 3ರಿಂದ ಇರುವ ಎಸ್ಕೇಪ್‌ಸೆಲೆಕ್ಟರನ್ನೋ ದಾಟಿಸಿಯೇ ಸೇರಿಸಿ, ಹೆಸರಿನೊಳಗಿನ ವಿಶೇಷ ಚಿಹ್ನೆಗಳನ್ನು ಬರಿಯ ಅಕ್ಷರಗಳೆಂದೇ ಓದುವಂತೆ ಅವು ಮಾಡುತ್ತವೆ. ಚುಕ್ಕಿ ಅಥವಾ ಕೋಲನ್ ಇರುವ ಐಡಿಗಳು ತಪ್ಪಿಹೋಗುವುದೂ ಇದರಿಂದ ನಿಲ್ಲುತ್ತದೆ.

ಮಾತು ಮುಗಿದ ಮೇಲೆ ಒಬ್ಬರು ಕೇಳಿದರು: ಈಗ ಎಲ್ಲ ಬ್ರೌಸರುಗಳಲ್ಲೂ ಕ್ವೆರಿಸೆಲೆಕ್ಟರ್ ಇರುವಾಗ ಲೈಬ್ರರಿಯ ಎಂಜಿನ್ನಿಗೆ ಕೆಲಸವೇನು ಸರ್? ಬ್ರೌಸರ್ ಇರುವ ಕಡೆ ಕೆಲಸ ಬಹಳ ಕಡಿಮೆ ಎಂದೆ. ಒಂದು ಎಲಿಮೆಂಟ್ ಒಂದು ಸೆಲೆಕ್ಟರಿಗೆ ಹೊಂದುತ್ತದೆಯೇ ಎಂದು ಕೇಳಲು ಮ್ಯಾಚಸ್, ಹೊಂದುವ ಹತ್ತಿರದ ಪೂರ್ವಜನನ್ನು ಹುಡುಕಲು ಕ್ಲೋಸೆಸ್ಟ್ ಕೂಡ ಈಗ ಬ್ರೌಸರಿನಲ್ಲೇ ಇವೆ. ಬ್ರೌಸರ್ ಇಲ್ಲದ ಕಡೆ ಚಿತ್ರ ಬೇರೆ. ಸರ್ವರಿನಲ್ಲಿ ನೋಡ್ (ಬ್ರೌಸರಿನ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ತಂತ್ರಾಂಶ) ಬಳಸಿ ವೆಬ್ ಪುಟಗಳಿಂದ ಮಾಹಿತಿ ಹೆಕ್ಕುವವರು ಚೀರಿಯೋದಂಥ ಲೈಬ್ರರಿ ಬಳಸುತ್ತಾರೆ. ಅಲ್ಲಿ ಸೆಲೆಕ್ಟರನ್ನು ಆರಂಭದಿಂದ ಕೊನೆಯವರೆಗೆ ಓದುವುದು ಜಾವಾಸ್ಕ್ರಿಪ್ಟಿನ ಎಂಜಿನ್ನೇ. ಕಣ್ಣಿಗೆ ಕಾಣುವ ಎಲಿಮೆಂಟುಗಳು ಮಾತ್ರ ಬೇಕೆಂದು ಅಲ್ಲಿ ಕೇಳಿ ಫಲವಿಲ್ಲ, ಏಕೆಂದರೆ ಅಲ್ಲಿ ಏನನ್ನೂ ಚಿತ್ರಿಸಿರುವುದೇ ಇಲ್ಲ.

ಇನ್ನೊಬ್ಬರ ಪ್ರಶ್ನೆ ಇನ್ನೂ ಮೊನಚಾಗಿತ್ತು: ನಮ್ಮ ಹಳೆಯ ಕೋಡಿನಲ್ಲಿ ಯಾವ ಸಾಲಿಗೆ ಯಾರು ಉತ್ತರ ಕೊಡುತ್ತಿದ್ದಾರೆಂದು ತಿಳಿಯುವುದು ಹೇಗೆ? ಬ್ರೌಸರಿನ ಕನ್ಸೋಲ್ ತೆರೆದು ಆ ಸೆಲೆಕ್ಟರನ್ನು ಕ್ವೆರಿಸೆಲೆಕ್ಟರ್‌ಆಲ್‌ಗೆ ಕೊಟ್ಟು ನೋಡಿ, ದೋಷ ಬಂದರೆ ಅಲ್ಲಿಯವರೆಗೆ ಉತ್ತರಿಸುತ್ತಿದ್ದದ್ದು ಲೈಬ್ರರಿ ಎಂದು ಹೇಳಿದೆ. ದೋಷ ಬಾರದೆ ಎಣಿಕೆ ಮಾತ್ರ ಬೇರೆಯಾದರೆ, ಹುಡುಕಾಟ ಯಾವ ಎಲಿಮೆಂಟಿನಿಂದ ಶುರುವಾಯಿತು ಎಂಬುದನ್ನು ಮೊದಲು ನೋಡಿ. ಕನ್ಸೋಲಿನಲ್ಲಿ ಇಷ್ಟುದ್ದ ಬರೆಯಲು ಬೇಸರವಾದರೆ ಎರಡು ಡಾಲರ್ ಎಂಬ ಅಡ್ಡದಾರಿಯಿದೆ. ಒಂದು ಡಾಲರನ್ನು ಮಾತ್ರ ನಂಬಬೇಡಿ, ಪುಟದಲ್ಲಿ ಜೆಕ್ವೆರಿ ಇದ್ದರೆ ಅದು ಬ್ರೌಸರಿನದಾಗಿರದೆ ಜೆಕ್ವೆರಿಯದಾಗಿರುತ್ತದೆ. ಪ್ರೊಟೊಟೈಪ್ ಇನ್ನೂ ಉಳಿದಿರುವ ಹಳೆಯ ಪುಟವಾದರೆ ಎರಡು ಡಾಲರೂ ಪುಟದ್ದೇ ಆಗಿರುತ್ತದೆ. ಅಲ್ಲಿ ಪೂರ್ತಿ ಹೆಸರು ಬರೆದೇ ಕೇಳಬೇಕು.